ಕೇಳೇವಿ ಪುಸ್ತಕ

ಜಮಖಂಡಿ
೧೨ ಆಗಸ್ಟ್ ೨೦೨೪

ವರದಾ,

ಪ್ರತಿ ಭಾನುವಾರ ನೀನು ಅರ್ಧ ದಿನ ಬೆಟ್ಟ ಇಳಿದು ಫೋನು ಸಿಗುವ ಜಾಗಕ್ಕೆ ಬರುತ್ತೀಯ. ಇಲ್ಲಿ ವಿಶ್ವಾಸ ಫೋನನ್ನು ಕಿವಿಗೆ ಒತ್ತಿಕೊಂಡು ಅಂಗಳದಲ್ಲಿ ಸುತ್ತುತ್ತಾನೆ. ಆಮೇಲೆ ಒಳಗೆ ಬಂದು ನನಗೆ ಹೇಳುವುದು ಇಷ್ಟೇ: "ಆರಾಮ ಇದ್ದಾಳಂತ ಅವ್ವಾ." ಗಂಡನಿಗೆ ಅಷ್ಟು ಸಾಕು, ಅತ್ತೆಗೆ ಸಾಲದು. ಅದಕ್ಕೇ ಈ ಕಾಗದ. ಬರೆದದ್ದನ್ನು ಎರಡನೇ ಸಲ ಓದಬಹುದು. ಬರೆದವರು ಆಮೇಲೆ ಇಲ್ಲವೆನ್ನುವಂತಿಲ್ಲ.

ನೀನು ಒಂದು ವರ್ಷಕ್ಕೆಂದು ಹಿಮಾಲಯಕ್ಕೆ ಹೊರಟಾಗ ನಾನು ಬೇಡವೆಂದಿದ್ದೆ. ಈಗಲೂ ನನ್ನ ಮಾತು ಅದೇ. ಆದರೆ ಹೋದ ವಾರ ರಬಕವಿಯಿಂದ ನನ್ನ ತಂಗಿ ಬಂದು, "ಅಲ್ಲಿ ನಿನ್ನ ಸೊಸಿ ಮಾಡೂ ಕೆಲಸರ ಏನ ಅಕ್ಕಾ?" ಎಂದು ಕೇಳಿದಳು. "ಕಂಪ್ಯೂಟರಿಂದು" ಎಂದೆ. "ಕಂಪ್ಯೂಟರ್ ನಮ್ಮ ಬನಹಟ್ಟ್ಯಾಗೂ ಅದಾವ" ಎಂದು ನಕ್ಕಳು. ಒಂದು ಊರಿನ ಪಂಚಾಯತಿ ಅಧ್ಯಕ್ಷೆಯಾಗಿದ್ದವಳು ನಾನು, ನನ್ನ ಮನೆಯ ಸೊಸೆ ಪಂಚಾಯತಿಗಳಲ್ಲಿ ಏನು ಮಾಡುತ್ತಾಳೆಂದು ನನಗೇ ಗೊತ್ತಿಲ್ಲ.

ವಿವರವಾಗಿ ಬರೆ. ಕಲಿತವರಂತೆ ಬರೆಯಬೇಡ, ತಿಳಿಯುವಂತೆ ಬರೆ. ನಾನು ಮ್ಯಾಟ್ರಿಕ್‌ವರೆಗೆ ಓದಿದವಳು, ದಡ್ಡಿಯಲ್ಲ.

ಕುಮುದಿನಿಬಾಯಿ

*

ಕುನೇರಿ, ಉತ್ತರಾಖಂಡ
೨೫ ಆಗಸ್ಟ್ ೨೦೨೪

ಅತ್ತೆಯವರಿಗೆ,

ನಿಮ್ಮ ಕಾಗದ ತಂದ ಅಂಚೆಯವನು ಲಕೋಟೆಯನ್ನು ದಾರಿಯುದ್ದಕ್ಕೂ ಎಲ್ಲರಿಗೂ ತೋರಿಸುತ್ತ ಬಂದಿದ್ದಾನೆ. ವಿಳಾಸದ ಇಷ್ಟು ದುಂಡಗಿನ ಅಕ್ಷರ ಅಚ್ಚಿನಲ್ಲಿ ಮಾತ್ರ ನೋಡಿದ್ದೆ ಎಂದ. ನನ್ನ ಅತ್ತೆಯವರದು ಎಂದು ಹೇಳುವಾಗ ನನ್ನ ತಲೆ ಸ್ವಲ್ಪ ಎತ್ತರವಾಯಿತು.

ಇಲ್ಲಿ ಒಂದು ಪಂಚಾಯತಿಯಲ್ಲಿ ಒಂಬತ್ತು ಹಳ್ಳಿ. ನಮ್ಮಲ್ಲಿ ಹಾಗೆಂದರೆ ಎತ್ತಿನಗಾಡಿಯಲ್ಲಿ ಒಂದು ಬೆಳಗಿನಲ್ಲಿ ಸುತ್ತಿ ಬರಬಹುದು. ಇಲ್ಲಿ ಕುನೇರಿಯಿಂದ ಕೊನೆಯ ಹಳ್ಳಿ ಖಾಲ್ಟಿಗೆ ಎರಡು ದಿನದ ಏರು. ಗ್ರಾಮಸಭೆಯ ಸುದ್ದಿ ಮೇಲಿನವರಿಗೆ ಮುಟ್ಟುವಷ್ಟರಲ್ಲಿ ಸಭೆ ಮುಗಿದಿರುತ್ತಿತ್ತು. ರಸ್ತೆ, ನೀರು, ದವಾಖಾನೆ ಎಲ್ಲವೂ ಸಭೆಗೆ ಬಂದ ಕೆಳಗಿನವರ ಪಾಲು.

ಈಗ ಪಂಚಾಯತಿ ಆಫೀಸಿನ ಮಾಳಿಗೆಯ ಮೇಲೆ ಒಂದು ತಟ್ಟೆ ಕೂರಿಸಿದ್ದೇವೆ. ಅದು ಆಕಾಶದಿಂದ ಅಕ್ಷರ ಹಿಡಿಯುತ್ತದೆ. ಕಚೇರಿ ಕೆಲಸಕ್ಕಷ್ಟೇ, ನಾನು ಅದರಲ್ಲಿ ನಿಮಗೆ ಪತ್ರ ಬರೆಯುವಂತಿಲ್ಲ. ಅಲ್ಲಿಂದ ಒಂಬತ್ತು ಹಳ್ಳಿಗೂ ಒಂದೊಂದು ಪೆಟ್ಟಿಗೆ. ಬಿಸಿಲಿನಿಂದ ನಡೆಯುತ್ತದೆ, ಬೆಲ್ಲದ ದೊಡ್ಡ ಅಚ್ಚಿನಷ್ಟಿದೆ. ಇಲ್ಲಿ ನಾನು ಬರೆದ ನೋಟೀಸು ಅಲ್ಲಿ ಅವರ ಮಾತಿನಲ್ಲೇ ಗಟ್ಟಿಯಾಗಿ ಓದಿ ಹೇಳುತ್ತದೆ. ನಿನ್ನೆ ಮೊದಲ ಸಭೆ. ಅದರ ನೋಟೀಸು ಕಳಿಸಿದ ದಿನ ನಾಲ್ಕೇ ನಿಮಿಷದಲ್ಲಿ ನನ್ನ ಪರದೆಯ ಮೇಲೆ ಒಂಬತ್ತು ಹಸಿರು ದೀಪ ಹೊತ್ತಿದವು ಅತ್ತೆಯವರೇ. ಎರಡು ದಿನದ ದಾರಿ, ನಾಲ್ಕು ನಿಮಿಷ. ನಾನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದೆ.

ಇನ್ನೊಂದು ಇದೆ, ಅದು ನಾನೇ ಹಟ ಹಿಡಿದು ಸೇರಿಸಿದ್ದು. ಅಂತರ್ಜಾಲದಲ್ಲಿ ಒಂದು ದೂರಿನ ಪುಟ, ಅದರ ಹೆಸರು ಲಕೋಟೆಯ ಹಿಂದೆ ಬರೆದಿದ್ದೇನೆ. ಸಭೆಗೆ ಹದಿನೈದು ದಿನ ಉಳಿದಿರುವವರೆಗೆ, ಒಂದು ಹಳ್ಳಿಗೆ ಸುದ್ದಿ ಮುಟ್ಟಿಲ್ಲವೆಂದು ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ ಬರೆಯಬಹುದು. ಬರೆದರೆ ಸಭೆ ಏಳು ದಿನ ತಾನಾಗಿ ನಿಲ್ಲುತ್ತದೆ. ಅಧಿಕಾರಿ, ಅಂದರೆ ಸದ್ಯ ನಾನು, ಸ್ವತಃ ಆ ಹಳ್ಳಿಗೆ ಹೋಗಿ ಬರಬೇಕು. ಸಾಹೇಬರು ಬೇಡವೆಂದರು, ನಾನು ಬಿಡಲಿಲ್ಲ.

ವರದಾ

*

ಜಮಖಂಡಿ
೬ ಸೆಪ್ಟೆಂಬರ್ ೨೦೨೪

ವರದಾ,

ಕಾಗದ ನಾಲ್ಕು ಸಲ ಓದಿದೆ. ತಂಗಿಗೆ ಫೋನು ಹಚ್ಚಿಸಿ ತಟ್ಟೆಯ ಭಾಗ ಓದಿ ಹೇಳಿದೆ. "ಆಕಾಶದಿಂದ ಅಕ್ಷರ" ಎಂದಾಗ ಆಕೆ "ಇನ್ನೊಮ್ಮೆ ಓದ ಅಕ್ಕಾ" ಎಂದಳು.

ಆದರೆ ಒಂದು ಮಾತು. ದೀಪ ಎಷ್ಟು ಎಂದು ಬರೆದೆ. ಜನ ಎಷ್ಟು ಬಂದರು ಎಂದು ಬರೆಯಲಿಲ್ಲ. ಪೆಟ್ಟಿಗೆ ಕೇಳಿತು, ಸರಿ. ಮನುಷ್ಯರು ಕೇಳಿದರೇ?

ಬೀಳಗಿಯ ಹತ್ತಿರ ಹೊಳೆದಂಡೆಯ ಮಣ್ಣೇರಹಾಳದಲ್ಲಿ, ಈಗ ಹಿನ್ನೀರಿನಡಿ ಇರುವ ನಮ್ಮ ಹಳೆಯ ಊರಿನಲ್ಲಿ, ನಾನು ಅಧ್ಯಕ್ಷೆಯಾದಾಗ ಡಂಗುರ ಸಾರುವವನು ಕರೆಪ್ಪ. ಹಲಗೆ ಬಡಿಯುತ್ತ ಓಣಿಯ ಈ ತುದಿಯಿಂದ ಆ ತುದಿಗೆ ಓಡಿಬಿಡುತ್ತಿದ್ದ. ಕೇಳಿದರೆ, "ನಾ ಬಡದೇನ್ರಿ ಬಾಯಾರ, ಕಿವಿ ಅವರವು" ಎನ್ನುತ್ತಿದ್ದ. ನಾನು ಎರಡು ನೂರು ಪುಟದ ಒಂದು ರೂಲು ಹಾಕಿದ ಪುಸ್ತಕ ತರಿಸಿದೆ. ಪ್ರತಿ ಮನೆಗೆ ಒಂದು ಸಾಲು. ಕರೆಪ್ಪ ಬಾಗಿಲ ಮುಂದೆ ನಿಂತು ಸಾರಬೇಕು. ಒಳಗಿನಿಂದ ಯಾರಾದರೂ "ಕೇಳೇವಿ" ಎಂದು ಹೇಳಬೇಕು. ಹೇಳಿದ ಮೇಲೆ ಅವನು ಆ ಸಾಲಿನಲ್ಲಿ ಅದೇ ಶಬ್ದ ಬರೆಯಬೇಕು. ಉತ್ತರ ಬರದ ಮನೆ ಬಿಟ್ಟು ಮುಂದೆ ಹೋಗುವಂತಿಲ್ಲ. ಮೂರನೇ ಇಯತ್ತೆ ಕಲಿತವನು, ಅಕ್ಷರ ಸೊಟ್ಟ, ಆದರೆ ಬರೆದ. ಮೊದಮೊದಲು ಹೆಂಗಸರು ನಗುತ್ತಿದ್ದರು: "ಕೇಳೇವೋ ಮಾರಾಯಾ, ಮುಂದ ನಡಿ, ಕೂಸು ಎದ್ದೀತು." ಆಮೇಲೆ ಅದು ಊರಿನ ರೂಢಿಯಾಯಿತು. ತಾಲೂಕಿನ ಸಾಹೇಬರು ಬಂದು ಪುಸ್ತಕ ನೋಡಿ ಹೋದರು. ನಾನು ಇದ್ದಷ್ಟು ದಿನ ಒಂದು ಸಭೆಯೂ ಮುಂದೆ ಹೋಗಲಿಲ್ಲ. ಪುಸ್ತಕ ಇಂದಿಗೂ ನನ್ನ ಟ್ರಂಕಿನಲ್ಲಿದೆ.

ನಿನ್ನ ಪೆಟ್ಟಿಗೆಗೆ ಬಾಯಿ ಕೊಟ್ಟಿದ್ದೀ. ಕಿವಿ ಕೊಡು.

ಅತ್ತೆ

*

ಕುನೇರಿ
೧೯ ಸೆಪ್ಟೆಂಬರ್ ೨೦೨೪

ಅತ್ತೆಯವರಿಗೆ,

ಹನ್ನೊಂದು. ಒಂಬತ್ತು ಹಳ್ಳಿಯಿಂದ ಸಭೆಗೆ ಬಂದವರು ಹನ್ನೊಂದು ಜನ, ಅವರಲ್ಲಿ ಏಳು ಜನ ಕುನೇರಿಯವರೇ. ಬರೆಯಲು ನಾಚಿಕೆಯಾಗಿತ್ತು. ನೀವು ಜಮಖಂಡಿಯಲ್ಲಿ ಕೂತು ಕಂಡುಹಿಡಿದಿರಿ.

ನಿಮ್ಮ ಪುಸ್ತಕವನ್ನು ಪೆಟ್ಟಿಗೆಯೊಳಗೆ ಹಾಕಿದೆ. ಎರಡು ದಿನ ಕೂತು ಹೊಸದಾಗಿ ಬರೆದೆ. ಈಗ ನೋಟೀಸು ಓದಿದ ಮೇಲೆ ಪೆಟ್ಟಿಗೆ ಕಾಯುತ್ತದೆ. ಹಳ್ಳಿಯವರೊಬ್ಬರು ಗುಂಡಿ ಒತ್ತಿ ತಮ್ಮ ದನಿಯಲ್ಲಿ ಉತ್ತರ ಹೇಳಿದರೆ ಮಾತ್ರ ದೀಪ ಹಸಿರು. ಮೊದಲ ಉತ್ತರ ಬಂದ ದಿನ ಆಫೀಸಿನವರೆಲ್ಲ ಸುತ್ತ ಕೂತು ಕೇಳಿದೆವು. ಒಬ್ಬ ಅಜ್ಜ, "ಕೇಳಿದೆವು, ಆದರೆ ನೀನು ಯಾರ ಮಗಳು?" ಎಂದಿದ್ದ. ಒಂದು ಹಳ್ಳಿಯಿಂದ ಉತ್ತರದ ಜೊತೆಗೆ ಪೂರ್ತಿ ಜಗಳ ಬಂತು, ಅತ್ತೆ ಸೊಸೆಯದು. ಇಪ್ಪತ್ತು ವರ್ಷ ಒಂದೇ ಸಭೆಗೂ ಬರದ ಹಳ್ಳಿಯವರು, "ಬರುತ್ತೇವೆ, ಊಟ ಇದೆಯೇ?" ಎಂದು ಕೇಳಿದ್ದಾರೆ. ನನಗೆ ನಿದ್ದೆಯೇ ಬರುತ್ತಿಲ್ಲ, ಇಂಥ ಖುಷಿ.

ಮುಂದಿನ ಸಭೆ ಅಕ್ಟೋಬರ್ ೨೦, ದೊಡ್ಡದು. ಹೊಳೆಗೆ ಒಂದು ಕಾಲುಸೇತುವೆ ಮಂಜೂರಾಗಿದೆ, ಒಂದೇ ಒಂದು. ಎಲ್ಲಿ ಕಟ್ಟಬೇಕೆಂದು ಸಭೆ ಹೇಳಬೇಕು. ಹಿಮ ಬೀಳುವ ಮೊದಲು ಕಬ್ಬಿಣ ಮೇಲೆ ಹೋಗಬೇಕು. ಹೋದ ಚಳಿಗಾಲದಲ್ಲಿ ಒಬ್ಬ ಬಸುರಿಯನ್ನು ಹಗ್ಗ ಕಟ್ಟಿ ಹೊಳೆ ದಾಟಿಸಿದ್ದರು. ಈ ಸಲ ತಪ್ಪಿದರೆ ಸೇತುವೆ ಮುಂದಿನ ವರ್ಷಕ್ಕೆ, ನಾನು ಮಾರ್ಚಿಗೆ ಬರಿಗೈಯಲ್ಲಿ ವಾಪಸು.

ಎಂಟು ಹಳ್ಳಿ ಉತ್ತರ ಕೊಟ್ಟಿವೆ. ಖಾಲ್ಟಿ ಮಾತ್ರ ಇಲ್ಲ. ಅಲ್ಲಿ ನಾಲ್ಕೇ ಮನೆ. ಪೆಟ್ಟಿಗೆ ಸರಿಯಾಗಿಯೇ ಇದೆ, ನೋಟೀಸು ದಿನವೂ ಓದುತ್ತಿದೆ, ಯಾರೂ ಮಾತಾಡುತ್ತಿಲ್ಲ. ಒಂಬತ್ತೂ ಹಸಿರಾಗದೆ ಸಭೆ ಇಲ್ಲ. ಅಕ್ಟೋಬರ್ ೫ ಕೊನೆಯ ದಿನ. ಅಷ್ಟರಲ್ಲಿ ಉತ್ತರ ಬರದಿದ್ದರೆ ಅವರ ಪರವಾಗಿ ನಾನೇ ಹಸಿರು ಮಾಡಿಬಿಡುತ್ತೇನೆ. ನಾಲ್ಕು ಮನೆಗಾಗಿ ಎಂಟು ಹಳ್ಳಿ ಕಾಯಬೇಕೇ? ಒಂದು ಸಭೆಯನ್ನೂ ಮುಂದೆ ಹಾಕದ ನೀವು ನನ್ನ ಜಾಗದಲ್ಲಿದ್ದರೆ ಅದನ್ನೇ ಮಾಡುತ್ತಿದ್ದಿರಿ ಎಂದು ನನಗೆ ಗೊತ್ತು.

ವರದಾ

*

ಜಮಖಂಡಿ
೧ ಅಕ್ಟೋಬರ್ ೨೦೨೪

ವರದಾ,

ನಿನ್ನ ಕಾಗದ ನಿನ್ನೆ ಸೋಮವಾರ ಬಂತು. ಕೊನೆಯ ದಿನ ಶನಿವಾರ. ನಿನ್ನ ಫೋನು ಭಾನುವಾರ. ಲೆಕ್ಕ ಕೂಡಲಿಲ್ಲ.

ಇಂದು ಬೆಳಿಗ್ಗೆ ವಿಶ್ವಾಸನಿಗೆ ಹೇಳದೆ ಬಸ್ ಸ್ಟ್ಯಾಂಡಿನ ಹತ್ತಿರ ಅರ್ಜಿ ತುಂಬುವ ಅಂಗಡಿಗೆ ಹೋದೆ. ಅಂಗಡಿ ದುರಗೇಶನದು, ಅವನ ಮುಂದೆ ಕಬ್ಬಿನ ರೈತರ ಸಾಲು. ನಿನ್ನ ಪುಟದ ಹೆಸರು ಬರೆದುಕೊಂಡು ಹೋಗಿದ್ದೆ.

"ದೂರ ಕೊಡೂದೈತಿ" ಎಂದೆ.

"ನೀರಿಂದೋ, ಲೈಟಿಂದೋ, ಅಜ್ಜೀರ?"

"ಹಿಮಾಲಯದ್ದು."

ಅವನು ಟೈಪು ಮಾಡುವುದನ್ನು ನಿಲ್ಲಿಸಿದ. ಸಾಲಿನಲ್ಲಿದ್ದ ಒಬ್ಬ, ಹೊಳಬಸಪ್ಪನಂತೆ, ರನ್ನ ಬೆಳಗಲಿಯವನು, "ಅಲ್ಲೂ ನಿಮ್ಮ ಹೊಲ ಐತೇನ್ರಿ?" ಎಂದ.

"ಸೊಸಿ ಇದ್ದಾಳ. ಆಕಿ ಮ್ಯಾಲೇ ದೂರ."

ಅಂಗಡಿಯೆಲ್ಲ ನಕ್ಕಿತು. "ನಮ್ಮವ್ವಗ ಈ ಜಾಗಾ ತೋರಿಸಬ್ಯಾಡಪಾ ದುರಗೇಶ, ದಿನಾ ಬರ್ತಾಳ" ಎಂದ ಹೊಳಬಸಪ್ಪ. ನಾನು ನಗಲಿಲ್ಲ. ಆದರೆ ಪುಟ ತೆರೆದು ಒಂಬತ್ತು ಹಳ್ಳಿಯ ಹೆಸರು ಕಂಡಾಗ, ಕೊನೆಯಲ್ಲಿ ಖಾಲ್ಟಿ ಎಂದು ಇದ್ದದ್ದು ಕಂಡಾಗ, ಪರದೆಯ ಮೇಲೆ ಅದನ್ನು ಮುಟ್ಟಿ ನೋಡಿದೆ. ಇಲ್ಲಿಂದ ಬೆರಳಿಟ್ಟರೆ ಅಲ್ಲಿ ಮುಟ್ಟುತ್ತದೆ. ನೀನು ಮಾಡಿದ್ದು ಸಣ್ಣ ಕೆಲಸವಲ್ಲ.

ಮರಾಠಿ ಬರೆದು ಬೆಳೆದವಳಿಗೆ ಹಿಂದಿ ಏನು ಮಹಾ. ಹೀಗೆ ಬರೆಸಿದೆ: "ಖಾಲ್ಟಿ ಹಳ್ಳಿಯವರು ಕೇಳಿಲ್ಲ. ಅಧಿಕಾರಿ ತಾವೇ ಹೋಗಿ ಹೇಳಬೇಕು." ಸಂಖ್ಯೆ ೪೧ ಬಂತು. ದುರಗೇಶ ಮುದ್ರಿಸಿ ಕೊಟ್ಟಿದ್ದಾನೆ. ಟ್ರಂಕಿನಲ್ಲಿ ಇಟ್ಟಿದ್ದೇನೆ.

ಯಾಕೆಂದು ಈಗ ಕೇಳಬೇಡ. ಮೇಲೆ ಹೋಗು.

ಅತ್ತೆ

*

ಕುನೇರಿ
೨ ಅಕ್ಟೋಬರ್ ೨೦೨೪

ಅತ್ತೆಯವರಿಗೆ,

ದೂರು ಸಂಖ್ಯೆ ೪೧ ನಿನ್ನೆ ಮಧ್ಯಾಹ್ನ ಬಂತು. ಊರು ಜಮಖಂಡಿ, ಹೆಸರು ನಿಮ್ಮದು. ಆಫೀಸಿನವರೆಲ್ಲ ಓದಿದರು. ಸಭೆ ೨೭ಕ್ಕೆ ಹೋಗಿದೆ. ಆ ಏಳು ದಿನದಲ್ಲಿ ಹಿಮ ಬಿದ್ದರೆ ಕಬ್ಬಿಣ ಮೇಲೆ ಹೋಗುವುದಿಲ್ಲ.

ನಾನು ಇಲ್ಲಿಗೆ ಬರುವುದು ನಿಮಗೆ ಮೊದಲಿನಿಂದಲೂ ಬೇಡವಾಗಿತ್ತು. ನಾನು ಸೋಲಬೇಕೆಂದಿದ್ದರೆ ಬೇರೆ ದಾರಿಗಳೂ ಇದ್ದವು. ನಾನು ಕಟ್ಟಿದ್ದರಿಂದಲೇ ನನ್ನನ್ನು ಕಟ್ಟಿಹಾಕಬೇಕಿರಲಿಲ್ಲ.

ನಾಡಿದ್ದು ಮೇಲೆ ಹೋಗುತ್ತೇನೆ. ನಿಯಮ, ಅದಕ್ಕೆ.

ವರದಾ

*

ಜಮಖಂಡಿ
೧೪ ಅಕ್ಟೋಬರ್ ೨೦೨೪

ವರದಾ,

ನೀನು ಸಿಟ್ಟಿನಲ್ಲಿ ಬರೆದದ್ದು ಸರಿ, ತಿಳಿದುಕೊಂಡದ್ದು ತಪ್ಪು. ತಪ್ಪು ನನ್ನದೇ, ಕಾರಣ ಮುಚ್ಚಿಟ್ಟೆ. ಈಗ ಬರೆಯುತ್ತೇನೆ. ಇದು ವಿಶ್ವಾಸನಿಗೂ ಗೊತ್ತಿಲ್ಲ, ಅವನ ತಂದೆಗೂ ಗೊತ್ತಿರಲಿಲ್ಲ.

೧೯೯೮ರ ಮಾರ್ಚ್. ಊರು ಹಿನ್ನೀರಿನಲ್ಲಿ ಹೋಗುವುದು ಖಚಿತವಾಗಿತ್ತು. ಹೊಸ ಊರಿನಲ್ಲಿ ಯಾರ ಮನೆ ಎಲ್ಲಿ ಎಂದು ಆರಿಸುವ ಸಭೆ. ಬಂದವರಿಗೆ ಆಯ್ಕೆ, ಉಳಿದದ್ದು ಬಾರದವರಿಗೆ. ಹಿಂದಿನ ದಿನ ಕರೆಪ್ಪನಿಗೆ ಜ್ವರ. ಹನುಮಂತದೇವರ ಗುಡಿಯವರೆಗೆ ಸಾರಿ ತಿರುಗಿ ಬಂದ. "ಕೆಳಗೇರಿಗೆ ಹೋಗಾಕ ಆಗಲಿಲ್ರಿ ಬಾಯಾರ. ಅಲ್ಲಿ ಮಂದಿನೂ ಇಲ್ಲ, ಕಬ್ಬ ಕಡ್ಯಾಕ ಹೋಗ್ಯಾರ. ಸಭಾ ಎರಡ ದಿನ ಮುಂದ ಹಾಕ್ರಿ" ಎಂದ. ಮರುದಿನ ಬಾಗಲಕೋಟೆಯಿಂದ ಸಾಹೇಬರು ಬರುವವರಿದ್ದರು. ನನ್ನ ಸಭೆ ಮುಂದೆ ಹೋಗುವುದೇ? ಪುಸ್ತಕ ಇಸಿದುಕೊಂಡೆ. ಕೆಳಗೇರಿಯ ಏಳು ಮನೆಯ ಏಳು ಸಾಲಿನಲ್ಲಿ ನಾನೇ "ಕೇಳೇವಿ" ಎಂದು ಬರೆದೆ.

ಸಭೆ ಹೊತ್ತಿಗೆ ಸರಿಯಾಗಿ ನಡೆಯಿತು. ಸಾಹೇಬರು ಹೊಗಳಿದರು. ಏಳು ಮನೆಯವರಿಗೆ ಉಳಿದದ್ದು ಹೊಸ ಊರಿನ ಹಿಂಭಾಗ, ಕಲ್ಲು ನೆಲ, ಇಡೀ ಊರಿನ ಗಟಾರ ಇಳಿಯುವ ಕಡೆ. ಆ ಓಣಿಯ ಮರೆವ್ವ ಅದೇ ಸಂಜೆ ಕಬ್ಬಿನ ಹೊಲದಿಂದ ನೇರ ನನ್ನ ಬಾಗಿಲಿಗೆ ಬಂದಳು. "ನಮಗ್ಯಾಕ ಹೇಳಲಿಲ್ರಿ ಬಾಯಾರ?" ಎಂದಳು. ನಾನು ಪುಸ್ತಕ ತೆರೆದು ತೋರಿಸಿದೆ. "ಬರದೈತಿ ನೋಡು, ಕೇಳೀರಿ ನೀವು" ಎಂದೆ. ಆಕೆಗೆ ಓದು ಬರುತ್ತಿರಲಿಲ್ಲ. ಪುಟವನ್ನು ಬಹಳ ಹೊತ್ತು ನೋಡಿದಳು, ಹೋದಳು.

ನನ್ನ ಜಾಗದಲ್ಲಿದ್ದರೆ ನೀವೂ ಅದನ್ನೇ ಮಾಡುತ್ತಿದ್ದಿರಿ ಎಂದು ನೀನು ಬರೆದೆ. ಹೌದು. ಮಾಡಿದ್ದೆ. ಅದಕ್ಕೇ ದೂರು ಕೊಟ್ಟೆ.

ಇದನ್ನು ಓದಿದ ಮೇಲೆ ನನ್ನನ್ನು ಅತ್ತೆಯವರೇ ಎಂದು ಬರೆಯುವುದು ಬಿಡುವುದು ನಿನಗೆ ಬಿಟ್ಟದ್ದು.

ಕುಮುದಿನಿ

*

ಕುನೇರಿ
೨೮ ಅಕ್ಟೋಬರ್ ೨೦೨೪

ಅತ್ತೆಯವರೇ,

ಎಲ್ಲಿಂದ ಶುರು ಮಾಡಲಿ?

ಖಾಲ್ಟಿಗೆ ಎರಡು ದಿನ ಹತ್ತಿದೆ. ಮೊದಲ ದಿನವೆಲ್ಲ ನಿಮ್ಮನ್ನು ಬೈಯುತ್ತ, ಎರಡನೇ ದಿನ ಬೈಯಲು ಉಸಿರಿಲ್ಲದೆ. ನಾಲ್ಕು ಮನೆಗೂ ಹಿರಿಯಳು ಝಬರಿದೇವಿ ಎಂಬ ಅಜ್ಜಿ. ಪೆಟ್ಟಿಗೆ ಎಲ್ಲಿ ಎಂದೆ. ಕೊಟ್ಟಿಗೆಗೆ ಕರೆದೊಯ್ದಳು. ಮೂರು ಕಂಬಳಿ ಬಿಚ್ಚಿದಳು. ಒಳಗೆ ಪೆಟ್ಟಿಗೆ, ಅದರ ಎರಡೂ ಪಕ್ಕ ಒಂದೊಂದು ಎಳೆಯ ಕುರಿಮರಿ. ಬಿಸಿಲಿನ ಫಲಕ ಮಾತ್ರ ಮಾಡಿನ ಮೇಲಿತ್ತು, ತಂತಿ ಒಳಗೆ. ಪೆಟ್ಟಿಗೆ ತಂದಿಟ್ಟವರು ಹೋಗುವಾಗ ಹೇಳಿದ್ದರಂತೆ: "ಚಳಿ ತಾಗಬಾರದು, ಮಗುವಿನಂತೆ ನೋಡಿಕೊಳ್ಳಿ." ನೋಡಿಕೊಂಡಿದ್ದಾರೆ. ಬೆಳಿಗ್ಗೆ ಅದು ಕಂಬಳಿಯೊಳಗೆ ಗೊಣಗುವಾಗ ಹಸಿವಾಗಿರಬೇಕು ಎಂದು ಹಿಟ್ಟಿನ ಗಂಜಿ ಕೂಡ ಇಟ್ಟಿದ್ದರು. ನಾನು ಕೊಟ್ಟಿಗೆಯಲ್ಲೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅವರೂ ನಕ್ಕರು. ನನ್ನ ನೋಟೀಸನ್ನು ಒಂದು ತಿಂಗಳು ಕುರಿಮರಿಗಳು ಕೇಳಿವೆ.

ಆಮೇಲೆ ಸೇತುವೆಯ ವಿಷಯ ಹೇಳಿದೆ. ಎಂಟು ಹಳ್ಳಿಯವರೂ ಸಭೆಗೆ ಮೊದಲೇ ಮಾತಿನಲ್ಲಿ ಒಪ್ಪಿದ್ದ ಜಾಗದ ಹೆಸರು ಕೇಳಿದ್ದೇ ಅಜ್ಜಿ ನಗು ನಿಲ್ಲಿಸಿದಳು. ನನ್ನನ್ನು ಹೊರಗೆ ಕರೆದು ಎದುರಿನ ಗುಡ್ಡ ತೋರಿಸಿದಳು. ಮೇಲಿನಿಂದ ಹೊಳೆಯವರೆಗೆ ಮರವೇ ಇಲ್ಲದ ಒಂದು ಅಗಲವಾದ ಪಟ್ಟಿ. ಮೂರು ನಾಲ್ಕು ವರ್ಷಕ್ಕೊಮ್ಮೆ ಹಿಮವೆಲ್ಲ ಒಂದೇ ಸಲ ಅಲ್ಲಿಂದ ಇಳಿಯುತ್ತದೆ. ಕೆಳಗಿನವರಿಗೆ ಅದು ಕಾಣುವುದಿಲ್ಲ, ಖಾಲ್ಟಿಯಿಂದ ಮಾತ್ರ ಕಾಣುತ್ತದೆ. ನಮ್ಮ ಸೇತುವೆಯ ಜಾಗ ಸರಿಯಾಗಿ ಅದರ ಬಾಯಲ್ಲಿತ್ತು.

ನಾಲ್ಕು ಮನೆಯಿಂದ ಆರು ಜನ ಸಭೆಯ ಹೊತ್ತಿಗೆ ಇಳಿದು ಬಂದರು. ನಿನ್ನೆ ಸಭೆಗೆ ನೂರಾ ಅರವತ್ತು ಜನ, ಶಾಲೆಯ ಅಂಗಳ ಸಾಲಲಿಲ್ಲ. ಅಜ್ಜಿ ನಿಂತು ಮಾತಾಡಿದಳು. ಪ್ರಧಾನರು, ಅಂದರೆ ಇಲ್ಲಿಯ ಪಂಚಾಯತಿ ಅಧ್ಯಕ್ಷರು, "ನಾಲ್ಕು ಮನೆಯವರ ಮಾತಿಗೆ..." ಎಂದು ಬಾಯಿ ತೆರೆದರು. "ನಾಲ್ಕು ಮನೆಯವರು ಮೇಲಿದ್ದೇವೆ ಎಂದೇ ಕೆಳಗೆ ಏನು ಬರುತ್ತದೆಂದು ಗೊತ್ತು" ಎಂದಳು. ಸೇತುವೆಯ ಜಾಗ ಹೊಳೆಯ ಮೂರು ತಿರುವು ಮೇಲಕ್ಕೆ ಹೋಗಿದೆ. ಇಂದು ಬೆಳಿಗ್ಗೆ ಕಬ್ಬಿಣ ಹೊತ್ತ ಹೇಸರಗತ್ತೆಗಳು ಹೊರಟವು. ಆಕಾಶ ಶುಭ್ರವಾಗಿದೆ.

ನಿಮ್ಮ ಹದಿನಾಲ್ಕನೇ ತಾರೀಖಿನ ಕಾಗದ ಸಭೆಗೆ ಎರಡು ದಿನ ಮೊದಲು ಬಂತು. ಅದನ್ನು ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡೇ ಸಭೆ ನಡೆಸಿದೆ. ಒಂದು ಮಾತು ಮಾತ್ರ ಕೇಳುತ್ತೇನೆ, ನೀವು ನನ್ನನ್ನು ಕೇಳಿದ ಹಾಗೆಯೇ. ಪುಸ್ತಕ ಇನ್ನೂ ಟ್ರಂಕಿನಲ್ಲೇ ಇದೆಯೇ?

ನಿಮ್ಮ ವರದಾ

*

ಜಮಖಂಡಿ
೧೨ ನವೆಂಬರ್ ೨೦೨೪

ಪ್ರೀತಿಯ ವರದಾ,

ಕುರಿಮರಿಯ ಸುದ್ದಿ ಓದಿ ವಿಶ್ವಾಸ ನಗುತ್ತ ಹಂಚಿನ ಮೇಲಿನ ರೊಟ್ಟಿ ಕರಿಕು ಮಾಡಿದ. ನಾನೂ ನಕ್ಕೆ. ತಂಗಿಗೆ ಹೇಳಿದೆ, ರಬಕವಿಗೆಲ್ಲ ಗೊತ್ತಾಗಿದೆ.

ಪುಸ್ತಕ ಈಗ ಟ್ರಂಕಿನಲ್ಲಿಲ್ಲ.

ಭಾನುವಾರ ಬೀಳಗಿಗೆ ಬಸ್ಸು ಹತ್ತಿ, ಅಲ್ಲಿಂದ ಆಟೋದಲ್ಲಿ ಹೊಸ ಮಣ್ಣೇರಹಾಳಕ್ಕೆ ಹೋದೆ. ಹಿಂಭಾಗದ ಓಣಿ ಕೇಳಬೇಕಾಗಲಿಲ್ಲ, ವಾಸನೆಯೇ ದಾರಿ ತೋರಿಸಿತು. ಮರೆವ್ವ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ.

ನಾನು ಪುಸ್ತಕ ತೆರೆದು ಆ ಪುಟ ಆಕೆಯ ಮುಂದೆ ಇಟ್ಟೆ. "ಮರೆವ್ವಾ, ಇದು ಕರೆಪ್ಪ ಬರದದ್ದಲ್ಲ" ಎಂದೆ.

"ಗೊತ್ತೈತ್ರಿ."

"ಯಾರ ಹೇಳಿದ್ರು?"

"ಓದಾಕ ಬರದಿದ್ರ ಏನಾತು, ಕಣ್ಣ ಅದಾವಲ್ರಿ. ಮ್ಯಾಗಿನ ಓಣಿದೆಲ್ಲ ಕ್ವಾಳಿ ಕೆದರಿದಂಗ ಸೊಟ್ಟ. ನಮ್ಮ ಏಳ ಮನಿದು ಮುತ್ತ ಪೋಣಿಸಿದಂಗ. ಅವತ್ತ ಸಂಜೀಕೇ ಗೊತ್ತಾತು."

ಇಪ್ಪತ್ತಾರು ವರ್ಷ ಆಕೆಗೆ ಗೊತ್ತಿತ್ತು, ವರದಾ. ನಿನ್ನ ಅಂಚೆಯವನು ಊರಿಗೆಲ್ಲ ತೋರಿಸಿದ ಅದೇ ಅಕ್ಷರ.

"ಮತ್ತ ಯಾಕ ಅನ್ನಲಿಲ್ಲ?" ಎಂದೆ.

"ಪುಸ್ತಕ ನಿಮ್ಮದು, ಪೆನ್ ನಿಮ್ಮದು. ಅಂದಿದ್ರ ಎಲ್ಲಿ ಬರೀತಿದ್ರಿ?"

ತಪ್ಪು ನನ್ನದು ಎಂದೆ. ಆ ಮಾತು ಹೇಳಿ ಅಭ್ಯಾಸವಿಲ್ಲ, ಎರಡು ಸಲ ಹೇಳಬೇಕಾಯಿತು. ಆಕೆ ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿದಳು.

"ಕೇಳೇನಿ" ಎಂದಳು. ಅಷ್ಟೇ. ಮಾಫಿ ಎನ್ನಲಿಲ್ಲ. ನಾನೂ ಹೆಚ್ಚು ಕೇಳಲಿಲ್ಲ.

ಆಮೇಲೆ, "ನಮ್ಮನ್ಯಾಗ ಚಾ ಕುಡೀತೀರೋ ಇಲ್ಲೋ?" ಎಂದಳು. ಕುಡಿಯುತ್ತೇನೆ ಎಂದೆ. ಬೆಲ್ಲ ಜಾಸ್ತಿಯಾಗಿತ್ತು, ಕುಡಿದೆ. ಕುಡಿಯುವಾಗ ನಿನ್ನ ತಟ್ಟೆ, ಪೆಟ್ಟಿಗೆ, ಝಬರಿದೇವಿ, ದೂರು ನಲವತ್ತೊಂದು ಎಲ್ಲ ಹೇಳಿದೆ. ಮರೆವ್ವ ಲೋಟ ಕೆಳಗಿಟ್ಟು, "ಹಂಗಾರ ಅಷ್ಟ ದೂರದ ಹೊಳೀಗೆ ದೂರ ಕೊಟ್ಟಾಕಿ, ಈ ಗಟಾರಕ್ಕ ಯಾಕ ಕೊಟ್ಟಿಲ್ಲ?" ಎಂದಳು.

ಸೋಮವಾರ ಇಬ್ಬರೂ ದುರಗೇಶನ ಅಂಗಡಿಯಲ್ಲಿದ್ದೆವು. ನಮ್ಮ ಜಿಲ್ಲೆಗೂ ದೂರಿನ ಪುಟವಿದೆ, ದನಿಯಲ್ಲಿ ಹೇಳುವ ಗುಂಡಿಯೂ ಇದೆ. ಯಾರೂ ಒತ್ತಿರಲಿಲ್ಲವಂತೆ. ನಾನು ಹೇಳಿಕೊಡಲು ಬಾಯಿ ತೆರೆದೆ. "ನೀವ ಸುಮ್ನಿರ್ರಿ ಬಾಯಾರ, ಈಗ ನಂದು" ಎಂದು ಮರೆವ್ವ ತಾನೇ ಹೇಳಿದಳು. ಏಳು ಮನೆಯ ಹೆಸರು, ಗಟಾರದ ಅಗಲ, ಮಳೆಗಾಲದಲ್ಲಿ ಎಲ್ಲಿಯವರೆಗೆ ನೀರು ಬರುತ್ತದೆ, ಒಂದೂ ಬಿಡಲಿಲ್ಲ. ಸಂಖ್ಯೆ ಬಂದಾಗ ದುರಗೇಶ ಎದ್ದು ನಿಂತು ಕೊಟ್ಟ. ಪುಸ್ತಕದಲ್ಲಿ ಇನ್ನೂ ಖಾಲಿ ಪುಟಗಳಿದ್ದವು. ಜೊತೆಗೆ ಬಂದಿದ್ದ ಮರೆವ್ವನ ಸೊಸೆ ಕಾವೇರಿ ಸಂಖ್ಯೆಯನ್ನು ಅದರಲ್ಲಿ ಬರೆದುಕೊಂಡಳು. ಪುಸ್ತಕ ಇನ್ನು ಮೇಲೆ ಅವರ ಮನೆಯಲ್ಲಿ ಇರುತ್ತದೆ. ಏಳು ದಿನದಲ್ಲಿ ಯಾರೂ ಬರದಿದ್ದರೆ ಎಂಟನೇ ದಿನ ನಾವಿಬ್ಬರೂ ಪಂಚಾಯತಿ ಆಫೀಸಿನ ಕಟ್ಟೆಯ ಮೇಲೆ ಕೂರುವುದೆಂದು ಮಾತಾಗಿದೆ. ಬುತ್ತಿ ಆಕೆಯದು, ಜಗಳ ನನ್ನದು.

ಸೇತುವೆ ಮುಗಿದ ಮೇಲೆ ಬಾ, ಮೊದಲೇ ಬರಬೇಡ. ಮಾರ್ಚಿಗೆ ಆಗದಿದ್ದರೆ ಮೇಗೆ ಬಾ. ವಿಶ್ವಾಸನಿಗೆ ನಾನು ಹೇಳಿದ್ದೇನೆ.

ಈ ಕಾಗದ ಕೈ ಸೇರಿದ ದಿನವೇ ಒಂದು ಸಾಲು ಬರೆ. ಮುಟ್ಟಿತೆಂದು ನಾನೇ ಬರೆದುಕೊಳ್ಳುವುದನ್ನು ಬಿಟ್ಟಿದ್ದೇನೆ.

ನಿನ್ನ
ಕುಮುದಿನಿ